ಸೈಪ್ರಸ್, ಪೈನ್ ಮರಗಳ ಕಾಂಡದ ಹುಣ್ಣು: ಚಾಕು, ಟೇಪು, ಭೂತಗನ್ನಡಿ ಹಿಡಿದು ನೋಡುವ ಕ್ರಮ

ಕೋಟಗಿರಿಯ ನಮ್ಮ ಮನೆಯ ಹಿತ್ತಲಿನ ಸೈಪ್ರಸ್ ಮರಕ್ಕೆ ಬಟ್ಟೆ ಒಣಹಾಕುವ ತಂತಿ ಕಟ್ಟಿ ಹದಿನೈದು ವರ್ಷವಾದರೂ ಆಗಿರಬೇಕು. ಅದು ತೊಗಟೆಯೊಳಗೆ ಹೂತುಹೋದದ್ದನ್ನು ಯಾರೂ ಗಮನಿಸಿರಲಿಲ್ಲ. ಒಂದು ಮಾರ್ಚಿನಲ್ಲಿ ತಂತಿಯಿಂದ ಮೊಳದಷ್ಟು ಮೇಲಿದ್ದ ಕೊಂಬೆ ಹಳದಿಯಾಗಿ, ಮೂರು ವಾರದೊಳಗೆ ಕಾವಿ ಬಣ್ಣಕ್ಕೆ ತಿರುಗಿತು. ನೀರಿನ ಕೊರತೆ ಇರಬಹುದೆಂದು ನಾನು ದಿನವೂ ಬುಡಕ್ಕೆ ಎರಡು ಕೊಡ ನೀರು ಹೊಯ್ದೆ. ಮರ ಹತ್ತುವವರು ಬಂದು ನೋಡಿ, "ವಯಸ್ಸಾಯ್ತು ಸಾರ್, ಕಡಿದುಬಿಡೋಣ" ಎಂದರು. ಎರಡೂ ತಪ್ಪು ತೀರ್ಮಾನಗಳೇ. ತಂತಿಯ ಪಕ್ಕದಲ್ಲಿ ಬಿಳಿ ರಾಳವು ಕರಗಿದ ಮೇಣದಂತೆ ಇಳಿದು ಗಟ್ಟಿಯಾಗಿದ್ದ ಕಡೆ ಚಾಕುವಿನ ಮೊನೆಯಿಂದ ಉಗುರಿನಷ್ಟು ತೊಗಟೆ ಎಬ್ಬಿಸಿದಾಗ, ಕೆನೆ ಬಣ್ಣದ ಹಸಿ ಒಳತೊಗಟೆ ಇರಬೇಕಾದ ಜಾಗದಲ್ಲಿ ದಾಲ್ಚಿನ್ನಿ ಚಕ್ಕೆಯ ಬಣ್ಣದ ಒಣ ಪದರ ಕಂಡಿತು. ಅದು ಕಾಂಡದ ಹುಣ್ಣು, ಅಂದರೆ ಕ್ಯಾಂಕರ್.

ಊಟಿ, ಕೂನೂರು, ಕೋಟಗಿರಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ, ಹಾಗೆಯೇ ಹೊಸೂರು, ತಳಿ, ದೆಂಕಣಿಕೋಟೆಯ ಕಡೆ ತೋಟದ ಬೇಲಿಗೆ ಸೈಪ್ರಸ್ಸನ್ನೋ ತೂಜಾವನ್ನೋ ಸಾಲಾಗಿ ನೆಟ್ಟವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ನೀಲಗಿರಿ ಎಂದರೆ ಜಿಲ್ಲೆಯೂ ಹೌದು, ಯೂಕಲಿಪ್ಟಸ್ ಮರವೂ ಹೌದು. ಈ ಲೇಖನದಲ್ಲಿ ಆ ಹೆಸರು ಬಂದಲ್ಲೆಲ್ಲ ಜಿಲ್ಲೆಯೆಂದೇ ತಿಳಿಯಬೇಕು. ಸೂಜಿಯಂಥ ಅಥವಾ ಹುರುಪೆಯಂಥ ಎಲೆಯುಳ್ಳ, ಶಂಕುವಿನಾಕಾರದ ಕಾಯಿ ಬಿಡುವ ಮರಗಳನ್ನು ಸೂಚಿಪರ್ಣಿಗಳೆಂದು ಕರೆದಿದ್ದೇನೆ.

ಹುಣ್ಣು ಎಂದರೇನು ಎಂಬುದು ಮನಸ್ಸಿನಲ್ಲಿ ಸ್ಪಷ್ಟವಿದ್ದರೆ ಮುಂದಿನ ಕೆಲಸವೆಲ್ಲ ಹಗುರ. ಎಲೆಗಳು ತಯಾರಿಸಿದ ಆಹಾರ ಒಳತೊಗಟೆಯ ಮೂಲಕ ಕೆಳಗಿಳಿಯುತ್ತದೆ; ಬೇರು ಹೀರಿದ ನೀರು ಅದರ ಒಳಗಿನ ಹಸಿ ಮರದ ಮೂಲಕ ಮೇಲೇರುತ್ತದೆ; ಇವೆರಡರ ನಡುವಿನ ಕಾಗದದಷ್ಟು ತೆಳುವಾದ ಬೆಳವಣಿಗೆಯ ಪದರವೇ ಪ್ರತಿವರ್ಷ ಹೊಸ ತೊಗಟೆಯನ್ನೂ ಹೊಸ ಮರವನ್ನೂ ಕಟ್ಟುತ್ತದೆ. ಶಿಲೀಂಧ್ರವು ಗಾಯವೊಂದರಿಂದ ಒಳಹೊಕ್ಕು ಒಳತೊಗಟೆಯನ್ನೂ ಈ ಪದರವನ್ನೂ ಕೊಂದಾಗ ಆ ಜಾಗ ತಗ್ಗಾಗುತ್ತದೆ, ಸೀಳುತ್ತದೆ. ಮರ ತನ್ನ ರಕ್ಷಣೆಗೆ ಅಲ್ಲಿಗೆ ರಾಳ ಸುರಿಸುತ್ತದೆ. ಹುಣ್ಣು ಸುತ್ತಳತೆಗಿಂತ ಉದ್ದಕ್ಕೆ ಬೇಗ ಹಬ್ಬುವುದರಿಂದ ಸಾಮಾನ್ಯವಾಗಿ ಕಣ್ಣಿನಾಕಾರದಲ್ಲಿರುತ್ತದೆ. ಅದು ಸುತ್ತಲೂ ಬಂದು ಕೂಡಿಕೊಂಡ ದಿನ ಅಲ್ಲಿಂದ ಮೇಲಿನ ಭಾಗದ ಕಥೆ ಮುಗಿದಂತೆ. ಮನುಷ್ಯನ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಸತ್ತ ಭಾಗ ಸತ್ತೇ ಇರುತ್ತದೆ, ಶಕ್ತಿಯಿದ್ದ ಮರ ಅದರ ಅಂಚಿನಿಂದ ಹೊಸ ತೊಗಟೆಯನ್ನು ಮಡಚಿ ತಂದು ಅದನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ನಾವು ಮಾಡುವುದೆಲ್ಲವೂ ಮರಕ್ಕೆ ಆ ಮುಚ್ಚುವ ಕೆಲಸಕ್ಕೆ ಬೇಕಾದ ಶಕ್ತಿಯನ್ನೂ ಸಮಯವನ್ನೂ ಒದಗಿಸುವುದು ಮಾತ್ರ.

ಮೊದಲ ಹೆಜ್ಜೆ, ದೂರದಿಂದ ನೋಡುವುದು

ಮರದಿಂದ ಇಪ್ಪತ್ತು ಹೆಜ್ಜೆ ಹಿಂದೆ ನಿಂತು, ಬಣ್ಣ ಎಲ್ಲಿ ಕೆಟ್ಟಿದೆ ಎಂಬುದನ್ನು ಗಮನಿಸಬೇಕು. ಕಾಂಡಕ್ಕೆ ಹತ್ತಿರದ ಒಳಗಿನ ಹಳೆಯ ಎಲೆಗಳಷ್ಟೇ ಕಂದಾಗಿ, ತುದಿಗಳು ಹಸಿರಾಗಿದ್ದರೆ ಅದು ವರ್ಷಂಪ್ರತಿ ನಡೆಯುವ ಸಹಜ ಉದುರುವಿಕೆ. ಬುಡದಿಂದ ತುದಿಯವರೆಗೆ ಇಡೀ ಮರ ಒಟ್ಟಿಗೆ ಬಾಡಿದ್ದರೆ ಬೇರಿನ ಕಡೆ ನೋಡಬೇಕು. ಹಸಿರು ಮರದ ನಡುವೆ ಒಂದೆರಡು ಕೊಂಬೆ ಮಾತ್ರ ಬಾವುಟ ಹಾರಿಸಿದಂತೆ ಹಳದಿಯಾಗಿ, ಅನಂತರ ಕೆಂಗಂದಾಗಿದ್ದರೆ ಆ ಕೊಂಬೆಯ ಬುಡದಲ್ಲೋ ಅದರ ಕೆಳಗಿನ ಕಾಂಡದಲ್ಲೋ ಹುಣ್ಣಿರುವ ಸಂಭವ ಹೆಚ್ಚು.

ಅನಂತರ ಹತ್ತಿರ ಬಂದು ಗಾಯಗಳನ್ನು ಹುಡುಕಬೇಕು. ನಮ್ಮ ಗುಡ್ಡಗಳಲ್ಲಿ ಗಾಯಕ್ಕೆ ಕಾರಣಗಳಿಗೆ ಬರವಿಲ್ಲ: ಕಾಟಿಗಳು ಮೈ ಉಜ್ಜಿದ ಜಾಗ, ಆಲಿಕಲ್ಲು ಬಡಿದ ಗುರುತು, ಡಿಸೆಂಬರ್ ಮತ್ತು ಜನವರಿಯಲ್ಲಿ ಊಟಿಯ ತಗ್ಗುಗಳಲ್ಲಿ ಹಿಮ ಕಟ್ಟಿದಾಗ ತೊಗಟೆಯಲ್ಲಿ ಬೀಳುವ ಸೀಳು, ಹುಲ್ಲು ಕತ್ತರಿಸುವ ಯಂತ್ರದ ಹೊಡೆತ, ಬೋರ್ಡು ತೂಗಿಹಾಕಲು ಹೊಡೆದ ಮೊಳೆ, ನಮ್ಮ ಮನೆಯಂಥ ತಂತಿ. ರಾಳ ಸೋರಿದ ಕಡೆಯೆಲ್ಲ ಹುಣ್ಣೇ ಇರಬೇಕೆಂದಿಲ್ಲ. ಸೂಜಿ ಚುಚ್ಚಿದಂಥ ತೂತುಗಳೂ ಅವುಗಳ ಬಾಯಲ್ಲಿ ಮರದ ಹುಡಿಯೂ ಕಂಡರೆ ತೊಗಟೆ ಕೊರೆಯುವ ಕೀಟದ ಕೆಲಸವಿರಬಹುದು; ತೊಗಟೆ ತಗ್ಗಾಗದೆ, ಸೀಳದೆ ಬರೀ ರಾಳ ಇಳಿದಿದ್ದರೆ ಹಳೆಯ ಪೆಟ್ಟೊಂದು ಮುಚ್ಚಿಕೊಳ್ಳುತ್ತಿರಬಹುದು.

ಎರಡನೆಯ ಹೆಜ್ಜೆ, ಚಾಕುವಿನ ಪರೀಕ್ಷೆ

ಅರ್ಧದಷ್ಟು ಜನ ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಔಷಧದ ಅಂಗಡಿಗೆ ಹೋಗುತ್ತಾರೆ. ನನ್ನ ಅನುಭವದಲ್ಲಿ ದುಡ್ಡು ಹಾಳಾಗುವುದು ಇಲ್ಲಿಯೇ. ಹರಿತವಾದ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು, ಹುಣ್ಣಿನ ಮಧ್ಯದಲ್ಲಲ್ಲ, ಅಂಚು ಇರಬಹುದೆಂದು ತೋರುವ ಕಡೆ ತೊಗಟೆಯ ಮೇಲ್ಪದರವನ್ನು ಸಣ್ಣ ಕಿಟಕಿಯಂತೆ ಕೆತ್ತಬೇಕು. ಒಳತೊಗಟೆ ಕೆನೆ ಬಣ್ಣದಲ್ಲಿ ತೇವವಾಗಿದ್ದರೆ ಜೀವವಿದೆ. ಕಂದಾಗಿ, ಒಣಗಿ, ರಾಳ ಕುಡಿದ ಹಲಗೆಯಂತಾಗಿದ್ದರೆ ಸತ್ತಿದೆ. ಎರಡು ಬಣ್ಣಗಳೂ ಒಂದೇ ಕಿಟಕಿಯಲ್ಲಿ ಕಾಣುವವರೆಗೆ ಎರಡು ಬೆರಳಿನಷ್ಟು ಅಂತರದಲ್ಲಿ ಇನ್ನೊಂದು, ಮತ್ತೊಂದು ಕಿಟಕಿ ಕೆತ್ತುತ್ತ ಸಾಗಿದರೆ ನಿಜವಾದ ಗಡಿ ಸಿಗುತ್ತದೆ. ಹೊರಗಿನಿಂದ ಕಂಡ ಹುಣ್ಣಿಗಿಂತ ಒಳಗಿನದು ದೊಡ್ಡದಾಗಿರುವುದೇ ವಾಡಿಕೆ. ಕಿಟಕಿಗಳನ್ನು ಆದಷ್ಟು ಚಿಕ್ಕದಾಗಿ, ಒಣ ಹವೆಯ ದಿನ ಮಾತ್ರ ಕೆತ್ತಬೇಕು. ರೋಗ ಪತ್ತೆ ಮಾಡುವ ಭರದಲ್ಲಿ ಮರಕ್ಕೆ ಹೊಸ ಗಾಯ ಮಾಡುತ್ತಿದ್ದೇವೆ ಎಂಬುದು ನೆನಪಿರಲಿ.

ಗಡಿಯುದ್ದಕ್ಕೂ ಎಣ್ಣೆಬಣ್ಣದ ಚುಕ್ಕೆಯಿಟ್ಟು ಪಕ್ಕದಲ್ಲಿ ತಾರೀಖು ಬರೆಯಬೇಕು. ದರ್ಜಿಯ ಟೇಪಿನಿಂದ ಆ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನೂ ಹುಣ್ಣಿನ ಅಗಲವನ್ನೂ ಅಳೆಯಬೇಕು. ನಮ್ಮ ಮರದಲ್ಲಿ ಸುತ್ತಳತೆ 140 ಸೆಂಟಿಮೀಟರ್, ಹುಣ್ಣಿನ ಅಗಲ 38 ಸೆಂಟಿಮೀಟರ್ ಇತ್ತು. ಕಾಲು ಭಾಗಕ್ಕಿಂತ ತುಸು ಹೆಚ್ಚು. ಮುಂದೆ ಮರವನ್ನು ಉಳಿಸಬೇಕೋ ಬಿಡಬೇಕೋ ಎಂಬ ನಿರ್ಧಾರ ನಿಂತದ್ದು ಈ ಲೆಕ್ಕದ ಮೇಲೆ.

ಮೂರನೆಯ ಹೆಜ್ಜೆ, ಶಿಲೀಂಧ್ರದ ಗುರುತು ಹಿಡಿಯುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಸಾಕು. ಸತ್ತ ತೊಗಟೆಯ ಮೇಲೆ, ಅದರಲ್ಲೂ ತೆಳುವಾದ ಕೊಂಬೆಗಳ ಮೇಲೆ, ಗುಂಡುಸೂಜಿಯ ತಲೆಯಷ್ಟು ಕಪ್ಪು ಬೊಕ್ಕೆಗಳು ತೊಗಟೆಯನ್ನು ಸೀಳಿಕೊಂಡು ಬಂದಿವೆಯೇ ಎಂದು ನೋಡಬೇಕು. ಕಾಣದಿದ್ದರೆ ಅಂಚಿನ ತೊಗಟೆಯ ಚೂರನ್ನು ಒದ್ದೆ ಕಾಗದ ಹಾಸಿದ ಮುಚ್ಚಳದ ಡಬ್ಬಿಯಲ್ಲಿ ಮೂರರಿಂದ ಐದು ದಿನ ಇಟ್ಟರೆ ಅಡಗಿದ್ದದ್ದು ಹೊರಬರುವ ಸಾಧ್ಯತೆಯಿದೆ.

ಸೈಪ್ರಸ್ ಮತ್ತು ಅದರ ಬಳಗದ ಮರಗಳಲ್ಲಿ ಜಗತ್ತಿನಾದ್ಯಂತ ಹೆಸರು ಕೆಡಿಸಿಕೊಂಡಿರುವುದು ಸೀರಿಡಿಯಂ ಎಂಬ ಶಿಲೀಂಧ್ರ ಕುಲ. ಇದರಲ್ಲಿ ಸೀರಿಡಿಯಂ ಕಾರ್ಡಿನಾಲೆ ಮುಖ್ಯವಾದದ್ದು. ಯೂನಿಕಾರ್ನೆ ಮತ್ತು ಕ್ಯುಪ್ರೆಸ್ಸಿ ಅದರ ದಾಯಾದಿಗಳು. ಸೂಕ್ಷ್ಮದರ್ಶಕದಲ್ಲಿ ಇದರ ಬೀಜಕಣವನ್ನು ಒಮ್ಮೆ ನೋಡಿದವರು ಮರೆಯಲಾರರು: ಸುಮಾರು 25 ಮೈಕ್ರಾನ್ ಉದ್ದದ ಕದಿರಿನಂಥ ಕಣದಲ್ಲಿ ಸಾಲಾಗಿ ಆರು ಕೋಣೆಗಳು, ನಡುವಿನ ನಾಲ್ಕು ಕಂದು, ಎರಡು ತುದಿಯವು ಬಣ್ಣವಿಲ್ಲದವು. ದಾಯಾದಿಗಳ ಕಣಗಳಿಗೆ ತುದಿಯಲ್ಲಿ ಕೂದಲಿನಂಥ ಬಾಲವಿರುತ್ತದೆ. ಕಾರ್ಡಿನಾಲೆಗೆ ಅದು ಇಲ್ಲ, ಇದ್ದರೂ ತೀರ ಮೋಟು. ಈ ಕಾಯಿಲೆಯನ್ನು 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ವರದಿ ಮಾಡಿದವರು ವಿಲಿಸ್ ವ್ಯಾಗನರ್. ಶಿಲೀಂಧ್ರಕ್ಕೆ ಅವರು ಹೆಸರಿಟ್ಟದ್ದು 1939ರಲ್ಲಿ. ಅಲ್ಲಿ ನೆಲಕಚ್ಚಿದ್ದು ಮಾಂಟೆರೆ ಸೈಪ್ರಸ್, ಅಂದರೆ ಬ್ರಿಟಿಷರು ನೀಲಗಿರಿಗೆ ತಂದು ಬಂಗಲೆಗಳ ಸುತ್ತ ನೆಟ್ಟ ಅದೇ ಮರ. ಅದರ ಸ್ವಂತ ನೆಲೆ ಕ್ಯಾಲಿಫೋರ್ನಿಯಾ ಕರಾವಳಿಯ ಎರಡೇ ಎರಡು ಪುಟ್ಟ ತೋಪುಗಳು; ಸಮುದ್ರದ ಮಂಜು ಕುಡಿದು ಬೆಳೆಯುವ ಆ ಮರವನ್ನು ಒಳನಾಡಿನ ಬಿಸಿಲಿನಲ್ಲಿ ನೆಟ್ಟ ಕಡೆಯೆಲ್ಲ ಹುಣ್ಣು ಅದನ್ನು ಸುಲಭವಾಗಿ ಹಿಡಿಯಿತು. ಕೀನ್ಯಾದಲ್ಲಿ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ನೆಡುತೋಪುಗಳಿಗೆ ಇದನ್ನು ಕೈಬಿಟ್ಟು ಮೆಕ್ಸಿಕೋ ಮೂಲದ ಲ್ಯೂಸಿಟಾನಿಕಾ ಸೈಪ್ರಸ್ಸನ್ನು ತರಬೇಕಾಯಿತು. ಹಾಗಾಗಿ ಕೋಟಗಿರಿಗಿಂತ ತಳಿಯ ಬಿಸಿಲಿನಲ್ಲಿ ಇದನ್ನು ನೆಟ್ಟವರು ಹೆಚ್ಚು ಎಚ್ಚರವಾಗಿರಬೇಕೆಂಬುದು ನನ್ನ ಅಭಿಪ್ರಾಯ.

ಪೈನ್ ಮರದ ಲೆಕ್ಕವೇ ಬೇರೆ. ಊಟಿಯಿಂದ ಗೂಡಲೂರಿಗೆ ಹೋಗುವ ದಾರಿಯಲ್ಲಿ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಪೈನ್ ತೋಪಿನಂಥ ನೆಡುತೋಪುಗಳಲ್ಲಿ ಗಮನಿಸಬೇಕಾದದ್ದು ಡಿಪ್ಲೋಡಿಯಾ ಸಪೀನಿಯಾ. ಇದು ಆರೋಗ್ಯವಾಗಿರುವ ಪೈನ್ ಮರದೊಳಗೂ ಯಾವ ಗುರುತನ್ನೂ ತೋರಿಸದೆ ವರ್ಷಗಟ್ಟಲೆ ತೆಪ್ಪಗೆ ಕುಳಿತಿರಬಲ್ಲದು. ಬರವೋ ಆಲಿಕಲ್ಲಿನ ಪೆಟ್ಟೋ ಬಿದ್ದಾಗ ಏಳುತ್ತದೆ. ಚಿಗುರು ಬಾಗಿ ಸಾಯುವುದು, ಉದುರಿದ ಹಳೆಯ ಕಾಯಿಗಳ ಹುರುಪೆಯ ಮೇಲೆ ಕಪ್ಪು ಚುಕ್ಕೆಗಳ ಸಾಲು, ಕೊಯ್ದ ಮರದಲ್ಲಿ ಬೂದು ಮಿಶ್ರಿತ ನೀಲಿ ಕಲೆ, ಇವು ಅದರ ಗುರುತುಗಳು. ಇನ್ನೊಂದು ಫ್ಯುಸೇರಿಯಂ ಸರ್ಸಿನೇಟಂ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ 1946ರಲ್ಲಿ ವರದಿಯಾಗಿ, 1986ರಲ್ಲಿ ಕ್ಯಾಲಿಫೋರ್ನಿಯಾದ ರೇಡಿಯಾಟಾ ಪೈನ್ ಮರಗಳಲ್ಲಿ ಕಾಣಿಸಿಕೊಂಡದ್ದು. ಇದರಲ್ಲಿ ರಾಳ ಧಾರೆಧಾರೆಯಾಗಿ ಹರಿಯುತ್ತದೆ, ತೊಗಟೆ ಎಬ್ಬಿಸಿದರೆ ಒಳಗಿನ ಮರವೆಲ್ಲ ಜೇನು ಬಣ್ಣಕ್ಕೆ ತಿರುಗಿ ರಾಳದಲ್ಲಿ ನೆನೆದಿರುತ್ತದೆ. ಹಲವು ದೇಶಗಳು ಇದನ್ನು ಗಡಿಯೊಳಗೆ ಬಿಡಬಾರದ ರೋಗಗಳ ಪಟ್ಟಿಯಲ್ಲಿಟ್ಟಿವೆ. ಆದ್ದರಿಂದ ಇಂಥ ಲಕ್ಷಣ ಕಂಡವರು ಮರದ ತುಂಡನ್ನು ಎಲ್ಲಿಗೂ ಸಾಗಿಸದೆ ಮೊದಲು ಅರಣ್ಯ ಇಲಾಖೆಗೆ ತಿಳಿಸಬೇಕು. ಲಾರ್ಚ್, ಸ್ಪ್ರೂಸ್ ಮರಗಳ ಹುಣ್ಣಿನ ಶಿಲೀಂಧ್ರಗಳೂ ಹಿಮಾಲಯದ ಚೀಡ್ ಪೈನ್ ಮರಕ್ಕೆ ಬರುವ ಕಿತ್ತಳೆ ಬಣ್ಣದ ತುಕ್ಕು ರೋಗವೂ ಪ್ರಸಿದ್ಧವೇ ಆದರೂ ನಮ್ಮ ಹಿತ್ತಲಿನ ಮಾತಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ಹುಣ್ಣಿನಲ್ಲಿ ಸಿಕ್ಕ ಶಿಲೀಂಧ್ರವೇ ಹುಣ್ಣಿಗೆ ಕಾರಣವೆಂದು ತಿಳಿಯಬಾರದು. ಊಟ ಮುಗಿದ ಎಲೆಯ ಬಳಿ ಕಾಗೆ ಕುಳಿತಿದ್ದರೆ ಊಟ ಮಾಡಿದ್ದು ಕಾಗೆಯೇ ಎನ್ನಲಾದೀತೇ? ಸತ್ತ ತೊಗಟೆಗೆ ಟ್ರೈಕೋಡರ್ಮಾದ ಹಸಿರು ಬೂಷ್ಟು ಬರುತ್ತದೆ, ಪೆಸ್ಟಲೋಶಿಯಾಪ್ಸಿಸ್ ಬರುತ್ತದೆ. ಇವುಗಳಲ್ಲಿ ಮೊದಲನೆಯದಂತೂ ಕೃಷಿಕರು ಹಣ ಕೊಟ್ಟು ತಂದು ಗೊಬ್ಬರಕ್ಕೆ ಬೆರೆಸುವ ಉಪಕಾರಿ. ಮಾವಿನಿಂದ ರಬ್ಬರಿನವರೆಗೆ ಎಲ್ಲ ಮರಗಳಲ್ಲೂ ಸಿಗುವ ಲಾಸಿಯೋಡಿಪ್ಲೋಡಿಯಾ ಥಿಯೋಬ್ರೋಮೆ ಕೆಲವೊಮ್ಮೆ ಅಪರಾಧಿ, ಕೆಲವೊಮ್ಮೆ ಬರೀ ಅತಿಥಿ. ಕಾರಣವನ್ನು ಸಾಬೀತುಪಡಿಸಬೇಕಾದರೆ ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸಿ, ಆರೋಗ್ಯವಂತ ಸಸಿಗೆ ಚುಚ್ಚಿ, ಅದೇ ಹುಣ್ಣು ಎದ್ದು, ಅದರಿಂದ ಅದೇ ಶಿಲೀಂಧ್ರ ಮತ್ತೆ ಸಿಗಬೇಕು. ಅದು ಪ್ರಯೋಗಾಲಯದ ಕೆಲಸ. ಇನ್ನೂ ಒಂದು ಗೊಂದಲವಿದೆ: ನೆಲಮಟ್ಟದಿಂದ ಶುರುವಾಗಿ ಮೇಲಕ್ಕೆ ನಾಲಗೆ ಚಾಚಿದಂತೆ ಏರುವ ಕಂದು ಕಲೆಯಿದ್ದರೆ ಅದು ಫೈಟಾಫ್ತರ ಇರಬಹುದು. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗಗಳಿಂದ ನಮಗೆಲ್ಲ ಪರಿಚಿತವಾದ ಇದು ನಿಜಾರ್ಥದಲ್ಲಿ ಶಿಲೀಂಧ್ರವೂ ಅಲ್ಲ. ಅದಕ್ಕೆ ಬುಡದ ನೀರು ಬಸಿಯುವಂತೆ ಮಾಡುವುದೇ ಮೊದಲ ಚಿಕಿತ್ಸೆ, ಕೊಂಬೆ ಕತ್ತರಿಸಿ ಫಲವಿಲ್ಲ.

ಮಾದರಿ ಕಳುಹಿಸುವವರು ಹುಣ್ಣಿನ ನಡುವಿನ ಒಣ ತೊಗಟೆಯನ್ನು ಕಳುಹಿಸಬಾರದು. ಅದರಲ್ಲಿ ಅತಿಥಿಗಳು ಮಾತ್ರ ಸಿಗುತ್ತಾರೆ. ಅರ್ಧ ಸತ್ತ, ಅರ್ಧ ಜೀವವಿರುವ ಅಂಚಿನ ತುಂಡನ್ನು ತೊಗಟೆ ಮತ್ತು ಮರ ಎರಡೂ ಸೇರುವಂತೆ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಬೇಯಿಸದೆ ಕಾಗದದ ಚೀಲದಲ್ಲಿಟ್ಟು, ಮರದ ಹೆಸರು, ಊರು, ತಾರೀಖು ಬರೆದು, ಎರಡು ದಿನದೊಳಗೆ ತಲುಪಿಸಬೇಕು. ಕೊಯಮತ್ತೂರಿನ ಅರಣ್ಯ ತಳಿವಿಜ್ಞಾನ ಮತ್ತು ಮರ ತಳಿ ಸಂಸ್ಥೆ, ಮೇಟ್ಟುಪಾಳಯದ ಅರಣ್ಯ ಕಾಲೇಜು ನಮಗೆ ಹತ್ತಿರ. ಹೊಸೂರಿನ ಕಡೆಯವರಿಗೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಹೋಗುವ ಮೊದಲು ಮಾದರಿ ಸ್ವೀಕರಿಸುತ್ತಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ, ಉಳಿಸುವುದೋ ಬಿಡುವುದೋ

ಹುಣ್ಣು ಕೊಂಬೆಯಲ್ಲಿ ಮಾತ್ರವಿದ್ದರೆ ಯೋಚಿಸುವುದೇನೂ ಇಲ್ಲ, ಕೊಂಬೆ ತೆಗೆಯಬೇಕು. ಕಾಂಡದಲ್ಲಿದ್ದು ಸುತ್ತಳತೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಮರಕ್ಕೆ ಅವಕಾಶ ಕೊಡಬಹುದು. ಅರ್ಧ ದಾಟಿದ್ದರೆ, ಅದರಲ್ಲೂ ಮರ ಮನೆಯ ಮೇಲೋ ರಸ್ತೆಯ ಮೇಲೋ ಬಾಗಿದ್ದರೆ, ನಾನಂತೂ ಉಳಿಸಲು ಹೋಗುವುದಿಲ್ಲ. ಆ ಜಾಗದಲ್ಲಿ ಮರ ಕೊಳೆತು ಬಿರುಗಾಳಿಗೆ ಮುರಿಯುವ ಅಪಾಯವಿದೆ. ಇವು ಕಟ್ಟುನಿಟ್ಟಿನ ಅಳತೆಗಳಲ್ಲ, ಹತ್ತಾರು ಮರಗಳ ಮುಂದೆ ನಿಂತು ಕಂಡುಕೊಂಡ ಅಂದಾಜು. ನೀಲಗಿರಿಯಲ್ಲಿ ಸ್ವಂತ ಜಾಗದ ಮರವಾದರೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ; 1955ರ ಗುಡ್ಡಗಾಡು ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆಯಡಿ ಅರ್ಜಿ ಹಾಕಬೇಕು. ಅರ್ಜಿಯ ಜೊತೆಗೆ ಬಣ್ಣದ ಗುರುತು ಮತ್ತು ಟೇಪು ಕಾಣುವ ಫೋಟೋ ಇದ್ದರೆ ಬಂದು ನೋಡುವವರಿಗೂ ಸುಲಭ.

ಐದನೆಯ ಹೆಜ್ಜೆ, ಕತ್ತರಿಸುವುದು

ಬೀಜಕಣಗಳು ಹರಡುವುದು ಮಳೆಯ ಹನಿ ಸಿಡಿದು, ಗಾಳಿಮಳೆಯಲ್ಲಿ ತೇಲಿ, ಕೀಟಗಳ ಮೈಗೆ ಅಂಟಿ, ನಮ್ಮ ಕತ್ತಿ ಗರಗಸಗಳ ಜೊತೆ. ಆದ್ದರಿಂದ ಮಳೆಗಾಲದಲ್ಲಿ ಕೊಂಬೆ ಸವರುವುದೆಂದರೆ ರೋಗಕ್ಕೆ ಬಾಗಿಲು ತೆರೆದಿಟ್ಟಂತೆ. ಕೋಟಗಿರಿ, ಕೂನೂರಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ಊಟಿಯ ಪಶ್ಚಿಮಕ್ಕೆ, ಗೂಡಲೂರಿನ ಕಡೆಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಅಬ್ಬರ. ಹಿಮ ಬೀಳುವುದು ನಿಂತು ಬೇಸಿಗೆ ಮಳೆ ಶುರುವಾಗುವ ಮೊದಲಿನ ಫೆಬ್ರವರಿ, ಮಾರ್ಚ್ ಇಬ್ಬರಿಗೂ ಹೊಂದುವ ಕಾಲ.

ಕೊಂಬೆಯನ್ನು ಹುಣ್ಣಿನ ಅಂಚಿಗಿಂತ ಒಂದು ಗೇಣು ಕೆಳಗೆ, ಆರೋಗ್ಯವಾದ ಭಾಗದಲ್ಲಿ ಕೊಯ್ಯಬೇಕು. ಕಾಂಡದವರೆಗೂ ತೆಗೆಯಬೇಕಾದರೆ ಕೊಂಬೆಯ ಬುಡದಲ್ಲಿರುವ ಉಬ್ಬಿದ ಕೊರಳಪಟ್ಟಿಯನ್ನು ಉಳಿಸಿ, ಅದರ ಹೊರಗಿನಿಂದ ಕೊಯ್ಯಬೇಕು. ಕಾಂಡಕ್ಕೆ ಸಮವಾಗಿ ಕೊಯ್ದರೂ ತಪ್ಪು, ಮೋಟು ಬಿಟ್ಟರೂ ತಪ್ಪು. ಭಾರದ ಕೊಂಬೆಯಾದರೆ ಮೊದಲು ಅಡಿಯಿಂದ ಕಚ್ಚು ಹಾಕದಿದ್ದರೆ ಬೀಳುವಾಗ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಹೋಗುತ್ತದೆ. ಪ್ರತಿ ಕೊಯ್ತದ ನಂತರ ಗರಗಸವನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಮರ ಹತ್ತುವವರು ಕಾಲಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಬಂದರೆ ವಿನಯದಿಂದಲೇ ಬೇಡವೆನ್ನಬೇಕು. ನಮ್ಮ ಬೀದಿಯ ಸಾಲಿನಲ್ಲಿ ಒಬ್ಬರು ಹಾಗೆ ಹತ್ತಿ ಇಳಿದ ಮರದಲ್ಲಿ ಮರುವರ್ಷ ಮುಳ್ಳು ಚುಚ್ಚಿದ ಗುರುತುಗಳಿಂದಲೇ ರಾಳ ಸೋರಿದ್ದನ್ನು ಎಣಿಸಿದ್ದೇನೆ.

ಕಾಂಡದ ಹುಣ್ಣನ್ನು ಉಳಿಯಿಂದ ಆಳವಾಗಿ ತೋಡಬಾರದು. ಸಡಿಲವಾದ ಸತ್ತ ತೊಗಟೆಯನ್ನು ಮಾತ್ರ ತೆಗೆದು, ಅಂಚನ್ನು ನಯಮಾಡಿ, ತಂತಿ ಹೂತಿದ್ದರೆ ಹೊರಗೆ ಸಿಗುವಷ್ಟನ್ನು ತುಂಡರಿಸಿ ತೆಗೆದು, ಬಲವಂತವಾಗಿ ಎಳೆಯದೆ ಬಿಡಬೇಕು. ಬೋರ್ಡೋ ಮುಲಾಮು ಹಚ್ಚುವ ಅಭ್ಯಾಸ ನಮ್ಮವರಿಗೆ ಅಡಿಕೆ, ಕಾಫಿ ತೋಟಗಳಿಂದ ಬಂದದ್ದು. ಒಂದು ಕಿಲೋ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆಬೇರೆಯಾಗಿ ಕರಗಿಸಿ, ಸುಣ್ಣ ಆರಿದ ಮೇಲೆ ಮೈಲುತುತ್ತದ ನೀರನ್ನು ಅದಕ್ಕೆ ಕದಡುತ್ತ ಸುರಿದರೆ ಮುಲಾಮು ಸಿದ್ಧ. ಕುಡುಗೋಲಿನ ತುದಿ ಅದ್ದಿದಾಗ ತಾಮ್ರದ ಬಣ್ಣ ಅಂಟಿದರೆ ಇನ್ನಷ್ಟು ಸುಣ್ಣ ಬೇಕು. ಇದು ಹೊಸ ಕೊಯ್ತದ ಮೇಲೆ ಬೀಳುವ ಬೀಜಕಣ ಮೊಳೆಯದಂತೆ ತಡೆಯುತ್ತದೆ, ಅಷ್ಟೇ. ಒಳತೊಗಟೆಗೆ ಈಗಾಗಲೇ ಇಳಿದಿರುವ ಶಿಲೀಂಧ್ರವನ್ನು ಮುಲಾಮೂ ಮುಟ್ಟುವುದಿಲ್ಲ, ಕಾಂಡದ ಮೇಲೆ ಸಿಂಪಡಿಸಿದ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಕೂಡ ವಾಸಿ ಮಾಡುವುದಿಲ್ಲ. ಟಾರು, ಪೇಂಟು ಬಳಿದು ಗಾಯ ಮುಚ್ಚುವುದಂತೂ ಬೇಡ. ಅದರಡಿಯಲ್ಲಿ ತೇವ ನಿಂತು ಕೊಳೆಯುತ್ತದೆ.

ಕತ್ತರಿಸಿದ್ದನ್ನು ಬೇಲಿಗೂ ಬಟಾಣಿ ಬಳ್ಳಿಯ ಊರುಗೋಲಿಗೂ ಬಳಸಬಾರದು. ಸತ್ತ ತೊಗಟೆಯಲ್ಲಿ ಶಿಲೀಂಧ್ರ ಬಹುಕಾಲ ಬದುಕಿ ಮಳೆ ಬಂದಾಗಲೆಲ್ಲ ಬೀಜಕಣ ಉಗುಳುತ್ತದೆ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ತಗಲುವ ಭಯವಿರುವುದರಿಂದ ಬಯಲಿನಲ್ಲಿ ಸುಡದೆ, ಒಲೆಗೆ ಹಾಕುವುದು ಅಥವಾ ಎರಡಡಿ ಆಳದಲ್ಲಿ ಹೂಳುವುದು ಕ್ಷೇಮ.

ಆರನೆಯ ಹೆಜ್ಜೆ, ಮರಕ್ಕೆ ಶಕ್ತಿ ಕೊಡುವುದು

ನನ್ನ ಎರಡು ಕೊಡ ನೀರಿನ ತಪ್ಪನ್ನು ಇಲ್ಲಿ ತಿದ್ದಬಹುದು. ದಿನವೂ ಕಾಂಡದ ಬುಡಕ್ಕೆ ಸುರಿದ ನೀರು ಬುಡವನ್ನು ಕೊಳೆಸುತ್ತದೆಯೇ ಹೊರತು ಹೀರುವ ಬೇರಿಗೆ ತಲುಪುವುದಿಲ್ಲ. ಕೊಂಬೆಗಳ ನೆರಳು ಬೀಳುವ ಅಂಚಿನಲ್ಲಿ, ಒಣ ತಿಂಗಳುಗಳಲ್ಲಿ ಎರಡು ಮೂರು ವಾರಕ್ಕೊಮ್ಮೆ, ಮಣ್ಣು ಒಂದು ಅಡಿ ಆಳಕ್ಕೆ ನೆನೆಯುವಷ್ಟು ನಿಧಾನವಾಗಿ ಬಿಡಬೇಕು. ತರಗೆಲೆಯ ಹೊದಿಕೆ ಒಳ್ಳೆಯದು, ಕಾಂಡದಿಂದ ಒಂದು ಗೇಣು ಬಿಟ್ಟು. ಯೂರಿಯಾ ಬೇಡ. ಬುಡದ ಸುತ್ತ ಸಿಮೆಂಟು ಹಾಕಿದವರು ಅದನ್ನು ಒಡೆಸಿದರೆ ಬೇರೆ ಗೊಬ್ಬರ ಬೇಕಾಗದು.

ಮೂರು ತಿಂಗಳಿಗೊಮ್ಮೆ ಬಣ್ಣದ ಚುಕ್ಕೆಗಳ ಹತ್ತಿರ ಮತ್ತೆ ಟೇಪು ಹಿಡಿಯಬೇಕು. ನಮ್ಮ ಮರದಲ್ಲಿ ಮೊದಲ ವರ್ಷ ಹುಣ್ಣು ಚುಕ್ಕೆ ದಾಟಿ 2 ಸೆಂಟಿಮೀಟರ್ ಅಗಲವಾಯಿತು. ಎರಡನೆಯ ವರ್ಷ ಒಂದು ಬದಿಯಲ್ಲಿ ನಿಂತು, ಅಂಚಿನಲ್ಲಿ ಹಸುವಿನ ತುಟಿಯಂಥ ದಪ್ಪ ಮಡಿಕೆ ಎದ್ದಿದೆ. ಇನ್ನೊಂದು ಬದಿ ಇನ್ನೂ ಚುಕ್ಕೆಗಳನ್ನು ನುಂಗುತ್ತಿದೆ.

ಹೊಸದಾಗಿ ನೆಡುವವರಿಗೆ

ಸತ್ತ ಮರದ ಜಾಗಕ್ಕೆ ಮತ್ತೆ ಮಾಂಟೆರೆ ಸೈಪ್ರಸ್ ತರಬೇಡಿ. ಲ್ಯೂಸಿಟಾನಿಕಾ ಹೆಚ್ಚು ತಡೆದುಕೊಳ್ಳುತ್ತದೆ, ಪೂರ್ತಿ ಅಲ್ಲ. ಇಟಲಿಯಲ್ಲಿ 1951ರಿಂದ ಈ ರೋಗದೊಡನೆ ಹೆಣಗಿ ಬೋಲ್ಗೆರಿ, ಫ್ಲೊರೆಂಟಿಯಾ ಮೊದಲಾದ ತಡೆಯುವ ತಳಿಗಳನ್ನು ಆಯ್ದು ಬೆಳೆಸಿದ್ದಾರೆ. ಸೂಚಿಪರ್ಣಿಯೇ ಬೇಕು, ನಮ್ಮ ನೆಲದ್ದೇ ಬೇಕು ಎನ್ನುವವರು ದಕ್ಷಿಣ ಪಶ್ಚಿಮಘಟ್ಟಗಳ ಏಕೈಕ ಸ್ಥಳೀಯ ಸೂಚಿಪರ್ಣಿಯಾದ ನಗೇಯಾ ವಾಲಿಚಿಯಾನಾ ಸಸಿಗಾಗಿ ಅರಣ್ಯ ನರ್ಸರಿಗಳಲ್ಲಿ ವಿಚಾರಿಸಬಹುದು. ನಿಧಾನವಾಗಿ ಬೆಳೆಯುತ್ತದೆ, ಎಲೆ ಸೂಜಿಯಂತಿರದೆ ಅಗಲವಾಗಿರುತ್ತದೆ.

ಸಸಿ ಕೊಳ್ಳುವಾಗ ಎತ್ತರ ನೋಡಿ ಮರುಳಾಗದೆ ಬುಡ ನೋಡಬೇಕು. ನಾನು ಒಮ್ಮೆ ನರ್ಸರಿಯೊಂದರಿಂದ ಬೇಲಿಗೆಂದು ತಂದ ನಲವತ್ತು ತೂಜಾ ಸಸಿಗಳಲ್ಲಿ ಹನ್ನೊಂದು ಎರಡನೆಯ ಬೇಸಿಗೆಯಲ್ಲಿ ಒಣಗಿದವು. ಕಿತ್ತು ನೋಡಿದರೆ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ದಾರ ಕೊರೆದ ಜಾಗದಲ್ಲಿಯೇ ಪ್ರತಿಯೊಂದಕ್ಕೂ ಕಂದು ಉಂಗುರವಿತ್ತು. ಈಗ ಅಂಗಡಿಯಲ್ಲಿಯೇ ದಾರ ಬಿಚ್ಚಿಸಿ, ಅದರಡಿಯ ತೊಗಟೆಯನ್ನು ಉಗುರಿನಿಂದ ಕೆರೆದು, ಹಸಿರು ಕಂಡರಷ್ಟೇ ದುಡ್ಡು ಕೊಡುತ್ತೇನೆ.